ಬಾಗಿಲ ಮುಂದಿನ ಕ್ರೇಪ್ ಗಿಡ

ಜಗಳೂರು
೯-೪-೨೦೨೬, ಗುರುವಾರ

ಚಿರಂಜೀವಿ ಸಂಧ್ಯಾರಾಣಿಗೆ ನಿನ್ನ ಅತ್ತೆ ಕಲ್ಲಮ್ಮ ಮಾಡುವ ಆಶೀರ್ವಾದಗಳು.

ಹೆಸರಿನ ಹಿಂದೆ ಸೌಭಾಗ್ಯವತಿ ಎಂದೂ ಬರೆಯಬೇಕಿತ್ತು, ಪೆನ್ನು ಅಲ್ಲೇ ನಿಂತಿತು. ಇಪ್ಪತ್ತನೇ ತಾರೀಖಿನ ತನಕ ಆ ಮಾತು ನಿನ್ನದು, ಆಮೇಲಿನದು ನನಗೆ ಗೊತ್ತಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲೂ ಕೈ ಬರುತ್ತಿಲ್ಲ.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ತಪ್ಪೇನಿಲ್ಲ, ನಿನ್ನ ಜಾಗದಲ್ಲಿ ನಾನಿದ್ದರೆ ಫೋನನ್ನೇ ಬಾವಿಗೆ ಎಸೆಯುತ್ತಿದ್ದೆ. ಹೊನ್ನಾಳಿಯ ನಿಮ್ಮಣ್ಣನ ಮನೆಗೆ ಕಾಗದ ಕಳಿಸಿದರೆ ಒಲೆ ಸೇರೀತೆಂದು ನಿನ್ನ ಶಾಲೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಮಕ್ಕಳ ತೂಕ, ಬಸುರಿಯರ ತಿಂಗಳು ಎಲ್ಲವನ್ನೂ ಒಂದು ಚಿತ್ತುಕಾಟಿಲ್ಲದೆ ರಿಜಿಸ್ಟರಿಗೆ ಏರಿಸಿದವಳು ನಾನು. ಈ ಕಾಗದವನ್ನು ಮಾತ್ರ ಮೂರು ಸಲ ಹರಿದು ಹಾಕಿದೆ.

ಇಪ್ಪತ್ತಕ್ಕೆ ದಾವಣಗೆರೆ ಕೋರ್ಟಿನಲ್ಲಿ ನೀನೂ ಕೊಟ್ರೇಶಿಯೂ ಬೇರೆಯಾಗಲು ಸಹಿ ಹಾಕುತ್ತೀರಂತೆ. ಅದಕ್ಕೆ ಮೊದಲು ನಿನಗೊಂದು ವಿಷಯ ತಿಳಿಯಬೇಕು. ಹೇಳುತ್ತೇನೆ. ಆದರೆ ಮೊದಲು ಗಿಡದ ಸುದ್ದಿ ಬರೆಯುತ್ತೇನೆ, ನೇರವಾಗಿ ಅಲ್ಲಿಗೆ ಹೋಗುವ ಧೈರ್ಯ ನನಗಿಲ್ಲ.

ಮದುವೆಯಾದ ಮಳೆಗಾಲದಲ್ಲಿ ನೀನು ನ್ಯಾಮತಿಯ ನರ್ಸರಿಯಿಂದ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಕ್ರೇಪ್ ಗಿಡ, ಗಿಡ್ಡ ಜಾತಿ, ಮೂರಡಿ ಮೇಲೆ ಹೋಗಲ್ಲ, ನಮ್ಮಷ್ಟು ಜಾಗಕ್ಕೆ ಹೇಳಿ ಮಾಡಿಸಿದ್ದು ಎಂದೆ. ನಮ್ಮಷ್ಟು ಜಾಗ ಅಂದರೆ ಗೇಟಿನಿಂದ ಮೆಟ್ಟಿಲ ತನಕ ಹತ್ತಡಿ, ಅಗಲ ಆರಡಿ. ಅದರಲ್ಲಿ ಇದ್ದ ಬಿಸಿಲೆಲ್ಲ ನನ್ನ ಕನಕಾಂಬರದ ಮಡಿಯ ಮೇಲೇ ಬೀಳುತ್ತಿತ್ತು. ನಿನ್ನ ಗಿಡಕ್ಕೆ ದಿನಕ್ಕೆ ಆರು ತಾಸು ಬಿಸಿಲು ಬೇಕಂತೆ. ಕನಕಾಂಬರ ಗೋಡೆಯ ಕಡೆಗೆ ಸರಿಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನು ನಕ್ಕೆ, ನೀನೂ ನಕ್ಕೆ. ಆ ಗಿಡವನ್ನು ನನ್ನ ಎರಡನೇ ಸೊಸೆ ಅಂತ ಕರೆದವಳು ನೀನೇ.

ನಮ್ಮ ಗರಸು ಮಣ್ಣನ್ನು ನೀನು ಎರಡಡಿ ಅಗೆಸಿ ಕುರಿ ಗೊಬ್ಬರ ಬೆರೆಸಿದೆ. ಎಲೆ ನೆನೆದರೆ ಬೂದಿ ರೋಗ ಬರುತ್ತದೆಂದು ಬುಡಕ್ಕೆ ಮಾತ್ರ ನೀರು. ಮೊದಲ ಗೊಂಚಲು ಬಂದಾಗ ಕೊಟ್ರೇಶಿ ನಿನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಸುಕ್ಕುಸುಕ್ಕು ಗುಲಾಬಿ ಎಸಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ. ಮೋಟಾರು ವೈಂಡಿಂಗ್ ಮಾಡಿ ಮಾಡಿ ಎಣ್ಣೆ ಹಿಡಿದ ಬೆರಳು ಅವು. ನನ್ನ ಕನಕಾಂಬರಕ್ಕೆ ಆ ಹುಡುಗ ಒಂದು ದಿನ ಒಂದು ಚೊಂಬು ನೀರು ಹಾಕಿದವನಲ್ಲ. ಅವನ ಅಪ್ಪ ಹೋದಾಗ ಅವನಿಗೆ ನಾಲ್ಕು ವರ್ಷ, ಅಂದಿನಿಂದ ಒಬ್ಬಳೇ ಸಾಕಿದೆ. ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೋ.

ಇನ್ನು ಹೇಳಿಬಿಡುತ್ತೇನೆ. ಆ ಗಿಡ ಕಡಿದವನು ಕೊಟ್ರೇಶಿ ಅಲ್ಲ. ನಾನು.

ಹೋದ ವರ್ಷ ಜನವರಿಯಲ್ಲಿ, ಬಸುರಿನ ಏಳು ತಿಂಗಳಿಗೆ ನಿನಗೆ ಬಿ.ಪಿ. ಏರಿ ದಾವಣಗೆರೆ ಆಸ್ಪತ್ರೆಗೆ ಸೇರಿಸಿದರಲ್ಲ, ಆಗ ಮನೆಯಲ್ಲಿ ನಾನೊಬ್ಬಳೇ. ಕುಬುಸದ ಶಾಸ್ತ್ರಕ್ಕೆ ತಂದ ಹಸಿರು ಸೀರೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಎರಡು ದಿನ ನನಗೆ ಮೈ ಕಾದ ಜ್ವರ. ಕೊಟ್ರೇಶಿ ದಿನಾ ಫೋನ್ ಮಾಡುತ್ತಿದ್ದ. ಅವ್ವಾ ಗಿಡ ಹೆಂಗೈತೆ, ನೀರು ಹಾಕಿದ್ಯಾ, ಸಂಧ್ಯಾ ಕೇಳ್ತಾಳೆ ಅನ್ನುತ್ತಿದ್ದ. ಉಂಡೆಯಾ ಎಂದು ಕೇಳಲಿಲ್ಲ. ಕೇಳಬೇಕಿತ್ತು ಅಂತ ನಾನು ಹೇಳುತ್ತಿಲ್ಲ, ಆಸ್ಪತ್ರೆಯಲ್ಲಿ ಅವನಿಗೆ ಅವನ ಗೋಳು.

ಗಿಡದಲ್ಲಿ ಆಗ ಒಂದು ಎಲೆ ಇರಲಿಲ್ಲ. ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ಯುಗಾದಿ ಹೊತ್ತಿಗೆ ಏಳುತ್ತದೆ ಎಂದು ನೀನು ಹೇಳಿದ್ದು ನಿಜ. ಆದರೆ ನನ್ನ ಕಣ್ಣಿಗೆ ಅದು ಒಣಕಟ್ಟಿಗೆ. ಬಸುರಿ ಇರುವ ಮನೆಯ ಬಾಗಿಲಲ್ಲಿ ಒಣಗಿದ ಗಿಡ ಇರಬಾರದು ಅನ್ನಿಸಿತು. ಬಸುರಿ ಇರುವ ಮನೆಯಲ್ಲಿ ಹಸಿ ಗಿಡಕ್ಕೆ ಕತ್ತಿ ಹಾಕಬಾರದು, ಹಾಕಿದರೆ ಹೊಟ್ಟೆಯ ಕೂಸಿಗೆ ಕೇಡು, ಅದರಲ್ಲೂ ಗಂಡನಾದವನು ಹಾಕಲೇಬಾರದು ಎಂಬುದು ನನಗೂ ಗೊತ್ತು. ಅಂಗನವಾಡಿಯಲ್ಲಿ ಹೆಂಗಸರಿಗೆ ಇದೆಲ್ಲ ಮೂಢನಂಬಿಕೆ ಕಣ್ರಮ್ಮಾ ಎಂದು ಹೇಳಿ ಮೊಟ್ಟೆ ಕೊಟ್ಟು ಕಳಿಸುತ್ತಿದ್ದೆ. ಹೇಳುವುದು ಕೆಲಸ, ಹೇಳುತ್ತಿದ್ದೆ. ಮನಸ್ಸಿನಲ್ಲಿ ಒಂದು ದಿನವೂ ಅದು ಸುಳ್ಳು ಅನ್ನಿಸಿರಲಿಲ್ಲ. ಒಣಗಿದ್ದನ್ನು ಕಡಿದರೆ ದೋಷವಿಲ್ಲ ಅಂದುಕೊಂಡು ಮಚ್ಚು ತಗೊಂಡು ಬುಡಕ್ಕೆ ಹಾಕಿದೆ. ಶುಕ್ರವಾರ ಮಧ್ಯಾಹ್ನ. ಶನಿವಾರ ಕೊಟ್ರೇಶಿ ನಿನ್ನ ಬಟ್ಟೆ ಒಯ್ಯಲು ಬಂದವನು ಮೋಟನ್ನು ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಒಣಗಿತ್ತಪ್ಪಾ ಎಂದೆ. ಅವಳಿಗೆ ಈಗ ಹೇಳಬ್ಯಾಡ ಅವ್ವಾ ಎಂದು ಎದ್ದುಹೋದ. ಭಾನುವಾರ ನಿನ್ನ ಕೂಸು ಹೋಯಿತು.

ಡಾಕ್ಟರು ಬಿ.ಪಿ.ಯಿಂದ ಹಿಂಗಾಯ್ತು ಎಂದರು. ನೀನು ವಿಜ್ಞಾನದ ಟೀಚರು, ಅದನ್ನೇ ನಂಬಿದೆ. ನಾನು ಏನು ನಂಬಿದೆ ಎಂದು ಯಾರೂ ಕೇಳಲಿಲ್ಲ.

ನಿನ್ನನ್ನು ಮನೆಗೆ ಕರೆತಂದ ದಿನ ಗೇಟಿನಲ್ಲೇ ನೀನು ಮೋಟು ನೋಡಿದೆ. ಮಾತಾಡಿಸಲು ಬಂದಿದ್ದ ಪಕ್ಕದ ಮನೆ ಲಕ್ಷ್ಮಕ್ಕನೂ ನೋಡಿದಳು. ಅಯ್ಯೋ ನಮ್ಮವ್ವಾ, ಹೂವಿನ ಗಿಡ ಕಡಿಯಾಕೆ ಇದೇ ಹೊತ್ತು ಸಿಕ್ತಾ, ಯಾರು ಕಡಿದೋರು ಎಂದಳು. ಅವಳ ಜೊತೆ ಸೇರಿದ್ದ ಹತ್ತು ಹೆಂಗಸರು ನನ್ನ ಮುಖ ನೋಡಿದರು. ಕೊಟ್ರೇಶಿ ಕಡಿದ ಅಂದುಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೆತ್ತ ಮಗನ ತಲೆಯ ಮೇಲೆ ನಾನೇ ಕಲ್ಲು ಎತ್ತಿ ಹಾಕಿದೆ.

ಒಳಗೆ ಹೋಗಿ ನೀನು ಅವನನ್ನು ಕೇಳಿದೆ, ನೀವೇ ಕಡಿದ್ರಾ ಅಂತ. ಅವನು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದು ಸಲ ನೋಡಿದ. ಹೂಂ, ನಾನೇ ಎಂದ. ಯಾಕೆ ಎಂದು ನೀನು ಕೇಳಿದೆ. ಉತ್ತರ ಹೇಳಲಿಲ್ಲ. ಎಲ್ಲಿಂದ ಹೇಳಬೇಕು, ಇದ್ದರಲ್ಲವೇ? ದಿನಾ ಅದೊಂದೇ ಪ್ರಶ್ನೆ ಕೇಳಿ ಕೇಳಿ ಇಪ್ಪತ್ತನೇ ದಿನ ನೀನು ಅಣ್ಣನ ಜೊತೆ ಹೊರಟೆ. ನೀನು ಬಿಟ್ಟು ಹೋದದ್ದು ಗಿಡಕ್ಕಾಗಿ ಅಲ್ಲ, ಶಕುನಕ್ಕಾಗಿಯೂ ಅಲ್ಲ. ಕೂಸು ಕಳೆದುಕೊಂಡವಳಿಗೆ ಒಂದು ಕಾರಣವನ್ನೂ ಹೇಳದ ಗಂಡ ಯಾಕೆ ಬೇಕು ಎಂದು ಹೋದೆ. ನಾನು ಅಡುಗೆಮನೆಯಲ್ಲಿ ನಿಂತು ನಿನ್ನ ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳಿದೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಯುಗಾದಿ ಕಳೆದು ಎಂಟು ದಿನಕ್ಕೆ ಮೋಟಿನ ಸುತ್ತ ಕೆಂಪು ಚಿಗುರು ಬಂತು. ಅವ್ವಾ, ಇದು ಬದುಕೈತೆ ಎಂದು ಕೊಟ್ರೇಶಿ ಕೂಗಿದ. ಆಮೇಲೆ ನನ್ನ ಮುಖ ನೋಡಿ, ಎಲೆ ಇರ್ಲಿಲ್ಲ, ನಿನಗೇನು ಗೊತ್ತಾಗ್ಬೇಕು ಬಿಡು ಎಂದ. ಹಳೆಯ ಕೊಂಬೆ ಕಡಿದಷ್ಟೂ ಹೊಸ ಚಿಗುರಿನಲ್ಲಿ ಹೂ ಜಾಸ್ತಿಯಂತೆ. ಹೋದ ಮಳೆಗಾಲ ಅದು ಹೂ ಬಿಟ್ಟ ಬಗೆಯನ್ನು ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಈ ವರ್ಷ ಮತ್ತೆ ಚಿಗುರಿದೆ. ಅವನು ಅಂಗಡಿಗೆ ಹೋದ ಮೇಲೆ ನೀರು ಹಾಕುವವಳು ನಾನೇ. ಅದರ ಕಡೆ ನೋಡದೆ ಬುಡಕ್ಕೆ ಸುರಿದು ಒಳಗೆ ಬರುತ್ತೇನೆ.

ಕೊಟ್ರೇಶಿ ಸೊರಗಿದ್ದಾನೆ. ಹಾಕಿದ್ದನ್ನು ಉಣ್ಣುತ್ತಾನೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾನೆ. ನನ್ನ ಮೇಲೆ ಒಂದು ದಿನ ಸಿಟ್ಟು ಮಾಡಿಲ್ಲ. ನಿಜ ಹೇಳು ಅವಳಿಗೆ ಎಂದು ನಾನೇ ಕಾಲು ಹಿಡಿದರೆ, ಹೋದ ಕೂಸು ಬರ್ತೈತಾ, ಇದ್ದ ಅವ್ವನ್ನ ಯಾಕೆ ಬೀದಿಗೆ ತರಲಿ ಎಂದ.

ಸಹಿ ಹಾಕುವ ಮೊದಲು ಅವನ ಜೊತೆ ಒಂದು ಸಲ ಮಾತಾಡು ತಾಯಿ. ಆಮೇಲೂ ಬೇಡ ಅನ್ನಿಸಿದರೆ ಬೇಡ. ಬರುವುದಾದರೆ ಈ ಮನೆಯಲ್ಲಿ ನಾನು ಇರುವುದಿಲ್ಲ. ಚನ್ನಗಿರಿಯಲ್ಲಿ ನನ್ನ ತಂಗಿ ಇದ್ದಾಳೆ, ಒಂದು ಮೂಲೆ ಕೊಡುತ್ತಾಳೆ. ಕ್ಷಮಿಸು ಎಂದು ಬರೆಯುತ್ತಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ.

ಇಂತಿ, ಒಂದು ಕಾಲಕ್ಕೆ ನಿನ್ನ ಅತ್ತೆ ಅನ್ನಿಸಿಕೊಂಡಿದ್ದ
ಕಲ್ಲಮ್ಮ

ವಿ.ಸೂ.: ಲಕೋಟೆ ಅಂಟಿಸಿ ಪೋಸ್ಟಾಫೀಸಿನ ತನಕ ಹೋಗಿ ವಾಪಸ್ ಬಂದೆ. ಒಣಗಿದೆ ಅಂದುಕೊಂಡು ಕಡಿದೆ ಎಂದು ಮೇಲೆ ಬರೆದದ್ದು ಸುಳ್ಳು. ಮಚ್ಚು ಹಾಕುವ ಮೊದಲು ಉಗುರಿನಿಂದ ತೊಗಟೆ ಗೀರಿ ನೋಡಿದ್ದೆ. ಒಳಗೆ ಹಸಿರಿತ್ತು, ಉಗುರಿಗೆ ಪಸೆ ಹತ್ತಿತು. ಆಸ್ಪತ್ರೆಯಲ್ಲಿ ನೀನು ಯಾವ ಸ್ಥಿತಿಯಲ್ಲಿದ್ದೀ ಎಂದೂ ಗೊತ್ತಿತ್ತು, ಹಸಿ ಗಿಡ ಕಡಿದರೆ ಏನಾಗುತ್ತದೆ ಎಂದು ನಾನು ನಂಬುತ್ತಿದ್ದುದೂ ಗೊತ್ತಿತ್ತು. ಆಗ ತಾನೇ ಅವನ ಫೋನ್ ಬಂದಿತ್ತು, ಅವತ್ತೂ ಗಿಡವನ್ನೇ ಕೇಳಿದ್ದ. ಕೊಟ್ರೇಶಿಗೆ ಇದು ಗೊತ್ತಿಲ್ಲ. ಅವ್ವ ತಿಳಿಯದೆ ಮಾಡಿದಳು ಎಂದುಕೊಂಡೇ ಅವನು ಇವತ್ತೂ ನನ್ನ ಕೈಯ ಮುದ್ದೆ ಉಂಡು ಹೋದ. ಅವನಿಗೆ ಹೇಳುವುದೂ ಬಿಡುವುದೂ ನಿನ್ನ ಕೈಯಲ್ಲಿದೆ.