ಮೂವತ್ತೆಂಟನೇ ಪಾಠದ ಶರ್ವಾಣಿಯವರಿಗೆ

ಹುಬ್ಬಳ್ಳಿ
ಎರಡನೇ ಬೇಸಿಗೆಯ ಮೂವತ್ತೇಳನೇ ದಿನ, ೨೧೫೮
ಬೆಳಗಿನ ಎಂಟು ಗಂಟೆ ಐದು ನಿಮಿಷ

ಶರ್ವಾಣಿ ಅಕ್ಕನವರಿಗೆ ನೀಲಗಂಗಾ ಹೂಗಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಬೇಸಿಗೆ ವರ್ಷಕ್ಕೆ ಒಂದೇ ಸಲ ಬರುತ್ತಿತ್ತೆಂದು ಓದಿದ್ದೇನೆ. ನಮಗೆ ಎರಡು. ಎರಡನೆಯದು ದಸರೆಗೆ ಮುಂಚೆ ಶುರುವಾಗಿ ದೀಪಾವಳಿಯ ಹೊತ್ತಿಗೆ ಇಳಿಯುತ್ತದೆ. ನನ್ನ ಕನ್ನಡದಲ್ಲಿ ಕೆಲವು ಪದ ನಿಮಗೆ ಹೊಸದೆನಿಸಬಹುದು, ಕ್ಷಮಿಸಬೇಕು. ಎಂಟು ತಿಂಗಳಿಂದ ನಿಮ್ಮ ಕಾಲದ ಪಾಠಗಳನ್ನು ಕೇಳಿ ಕೇಳಿ, ಆದಷ್ಟು ನಿಮ್ಮಂತೆ ಬರೆಯಲು ನೋಡುತ್ತಿದ್ದೇನೆ. ಅಕ್ಕ ಎಂದು ಕರೆದದ್ದಕ್ಕೂ ಕ್ಷಮೆಯಿರಲಿ. ವರ್ಷ ಎಣಿಸಿದರೆ ನೀವು ನನ್ನ ಮುತ್ತಜ್ಜಿಗೂ ಹಿರಿಯರು. ಆದರೆ ಆ ಪಾಠಗಳ ಹಳೆಯ ದಾಖಲೆಯಲ್ಲಿ ನಾನು ನೋಡಿದ ನಿಮಗೆ ಇಪ್ಪತ್ತೆಂಟೋ ಮೂವತ್ತೋ ಇರಬೇಕು. ಕೂದಲನ್ನು ಎತ್ತಿ ಕ್ಲಿಪ್ಪು ಹಾಕಿದ್ದೀರಿ, ಕಣ್ಣ ಕೆಳಗೆ ನನ್ನ ಹಾಗೆಯೇ ಕಪ್ಪಾಗಿದೆ. ಅಂಥವರನ್ನು ಅಜ್ಜಿ ಎನ್ನಲು ಬಾಯಿ ಬರಲಿಲ್ಲ.

ನಾನೀಗ ವಹಿವಾಟು ಶಾಲೆಯ ಪರೀಕ್ಷಾ ಕೇಂದ್ರದಲ್ಲಿ ಕೂತಿದ್ದೇನೆ. ನೀವು ಬಿಸಿನೆಸ್ ಸ್ಕೂಲ್ ಎನ್ನುತ್ತಿದ್ದಿರಲ್ಲ, ಅದೇ. ಪ್ರವೇಶ ಪರೀಕ್ಷೆ ಏಳೂವರೆಗೆ ಮುಗಿಯಿತು. ಈಗ ನಡೆಯುತ್ತಿರುವುದು ಹಿಂದೋಲೆ. ನಿಮ್ಮ ಕಾಲದಲ್ಲಿ ಅರ್ಜಿಯ ಜೊತೆ ‘ನಾನೇಕೆ ಈ ವಿದ್ಯೆ ಕಲಿಯಬೇಕು’ ಎಂದು ಪ್ರಬಂಧ ಬರೆಯಬೇಕಿತ್ತಂತೆ. ಅವನ್ನೆಲ್ಲ ಯಂತ್ರಗಳೇ ಬರೆದುಕೊಡತೊಡಗಿದ ಮೇಲೆ ಶಾಲೆಯವರು ಅದನ್ನು ಕೈಬಿಟ್ಟರು. ಈಗ ಪರೀಕ್ಷೆ ಮುಗಿದ ಕೂಡಲೇ, ಹಿಂದಿನ ಕಾಲದ ಯಾರಾದರೂ ಒಬ್ಬರಿಗೆ ಕೈಯಾರೆ ಒಂದು ಓಲೆ ಬರೆದು ಪೆಟ್ಟಿಗೆಗೆ ಹಾಕಬೇಕು. ಅದಕ್ಕೆ ಅಂಕವಿಲ್ಲ. ಯಾರಾದರೂ ಓದುತ್ತಾರೋ ಇಲ್ಲವೋ ತಿಳಿಯದು. ಓಲೆ ಪೆಟ್ಟಿಗೆಗೆ ಬಿದ್ದ ಮೇಲೆಯೇ ಬಾಗಿಲು ತೆರೆಯುತ್ತದೆ, ಬಾಗಿಲ ಮೇಲೆ ನಮ್ಮ ಫಲಿತಾಂಶ ಕಾಣುತ್ತದೆ. ಪಕ್ಕದವನು ಯಾವುದೋ ರಾಜನಿಗೆ ಬರೆಯುತ್ತಿದ್ದಾನೆ. ನನಗೆ ನಿಮ್ಮನ್ನು ಬಿಟ್ಟು ಬೇರೆ ಯಾರೂ ಹೊಳೆಯಲಿಲ್ಲ.

ಈಗ ಲೆಕ್ಕವನ್ನು ಮನುಷ್ಯರು ಮಾಡುವುದಿಲ್ಲ. ನೀವು ಬೀಜಗಣಿತಕ್ಕೆ, ಇಂಗ್ಲಿಷ್ ವ್ಯಾಕರಣಕ್ಕೆ ಪಟ್ಟ ಕಷ್ಟವೆಲ್ಲ ನಮ್ಮ ಪರೀಕ್ಷೆಯಿಂದ ಹೋಗಿಬಿಟ್ಟಿದೆ. ಉಳಿದಿರುವುದು ಒಂದೇ ಭಾಗ, ನಿಮಗೆ ಪಾಠ ಹೇಳಿದ ಶ್ರೀಪಾದ ಸರ್ ‘ಸಾಕಾ ಸಾಲದಾ’ ಎಂದು ಕಲಿಸುತ್ತಿದ್ದ ಭಾಗ. ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಉತ್ತರ ಎಷ್ಟು ಎಂದು ಕಂಡುಹಿಡಿಯಬೇಕಾಗಿಲ್ಲ, ಉತ್ತರಿಸಲು ಆ ಹೇಳಿಕೆಗಳು ಸಾಕೇ ಎಂದಷ್ಟೇ ಹೇಳಬೇಕು. ಮೊದಲನೆಯದು ಒಂದೇ ಸಾಕು. ಎರಡನೆಯದು ಒಂದೇ ಸಾಕು. ಎರಡೂ ಸೇರಿದರೆ ಸಾಕು. ಯಾವುದಾದರೂ ಒಂದಿದ್ದರೆ ಸಾಕು. ಎರಡೂ ಸೇರಿದರೂ ಸಾಲದು. ಐದೇ ಉತ್ತರಗಳು. ನೂರ ಮೂವತ್ತು ವರ್ಷವಾದರೂ ಅವುಗಳ ಕ್ರಮ ಕೂಡ ಬದಲಾಗಿಲ್ಲ.

ಇದೊಂದು ಯಾಕೆ ಉಳಿಯಿತು ಎನ್ನುವುದಕ್ಕೆ ಕಾರಣವಿದೆ. ನಮ್ಮಲ್ಲಿ ಓಣಿಗೊಂದು ತಂಪುಗೂಡು ಇರುತ್ತದೆ. ನೆಲದಡಿಯ ದೊಡ್ಡ ಕೋಣೆ. ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಕೂಸುಗಳು, ಬಸುರಿಯರು, ವಯಸ್ಸಾದವರು ಅಲ್ಲಿಯೇ ಇರಬೇಕು. ಓಣಿಯವರೇ ಅದರ ಪಾಲುದಾರರು, ಅದೊಂದು ಸಣ್ಣ ಕಂಪನಿ ಎನ್ನಿ. ನಾನು ಹುಟ್ಟುವ ಮುಂಚೆ ಒಂದೂರಿನಲ್ಲಿ, ವಿದ್ಯುತ್ತು ಕಡಿಮೆಯಿದ್ದ ದಿನ, ಯಂತ್ರವು ಮಧ್ಯಾಹ್ನ ಎರಡಕ್ಕೆ ಒಂದು ಗೂಡಿನ ತಂಪನ್ನು ನಿಲ್ಲಿಸಿತು. ಅದು ಮಾಡಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಳಗೆ ಎಷ್ಟು ಜನ ಇದ್ದಾರೆ ಎಂಬ ಮಾಹಿತಿ ಅದರ ಹತ್ತಿರ ಇರಲಿಲ್ಲ, ಇಲ್ಲ ಎಂದು ಅದಕ್ಕೆ ಹೊಳೆಯಲೂ ಇಲ್ಲ. ಅಂದಿನಿಂದ ಕಾನೂನು ಬಂತು. ಯಂತ್ರ ಏನೇ ನಿರ್ಧರಿಸಲಿ, ಅದಕ್ಕೆ ಸಿಕ್ಕ ಮಾಹಿತಿ ಸಾಕೋ ಸಾಲದೋ ಎಂದು ಒಬ್ಬ ಮನುಷ್ಯ ಹೇಳಿ ಸಹಿ ಹಾಕಬೇಕು. ಹಾಗೆ ಸಹಿ ಹಾಕುವವರಿಗೆ ಹೊಣೆಗಾರರು ಎನ್ನುತ್ತೇವೆ. ವಹಿವಾಟು ಶಾಲೆಯಲ್ಲಿ ಓದದೆ ಯಾರೂ ಹೊಣೆಗಾರರಾಗುವಂತಿಲ್ಲ.

ನಮ್ಮ ಗೂಡಿನ ಹೊಣೆಗಾರರು ಗುರಶಾಂತಪ್ಪ ಕಾಕಾ. ವಯಸ್ಸು ಎಂಬತ್ತೊಂದು. ದೀಪಾವಳಿಗೆ ಕೆಲಸ ಬಿಡುತ್ತಾರೆ. “ನಿನ್ನ ಸಲುವಾಗಿ ಮೊಣಕಾಲ ಕೈಯಾಗ ಹಿಡಕೊಂಡು ಕುಂತೇನಿ, ಲಗೂನ ಪಾಸಾಗವಾ ತಾಯಿ” ಎಂದು ದಿನವೂ ಅನ್ನುತ್ತಾರೆ. ದೀಪಾವಳಿಯೊಳಗೆ ಓಣಿಯ ಒಬ್ಬರಾದರೂ ಶಾಲೆಗೆ ಸೇರಿದ್ದರೆ, ಓದು ಮುಗಿಯುವ ತನಕ ಪಕ್ಕದ ಓಣಿಯ ಹೊಣೆಗಾರರು ನಮ್ಮದನ್ನೂ ನೋಡಿಕೊಳ್ಳುತ್ತಾರೆ. ಇಲ್ಲದಿದ್ದರೆ ಗೂಡು ಮುಚ್ಚುತ್ತದೆ, ನಾವೆಲ್ಲ ಒಂದೂವರೆ ಕಿಲೋಮೀಟರ್ ಆಚೆಯ ದೊಡ್ಡ ಗೂಡಿಗೆ ಹೋಗಬೇಕು. ಈ ಬಿಸಿಲಲ್ಲಿ ಕೂಸನ್ನು ಹೊತ್ತು ಅಷ್ಟು ದೂರ ನಡೆಯುವುದೆಂದರೆ ಏನೆಂದು ನಿಮಗೆ ಹೇಳಿ ತಿಳಿಸಲಾರೆ. ನಮ್ಮ ಓಣಿಯಲ್ಲಿ ಕೂಸುಗಳೇ ಹನ್ನೊಂದಿವೆ. ಅದರಲ್ಲೊಬ್ಬ ನನ್ನ ಮಗ ಬಸಲಿಂಗ, ಹದಿಮೂರು ತಿಂಗಳವನು. ಓಣಿಯಲ್ಲಿ ಪದವಿ ಓದಿ, ವಯಸ್ಸಿನ ಮಿತಿಯೊಳಗೆ ಇರುವವಳು ನಾನೊಬ್ಬಳೇ. ಪರೀಕ್ಷೆಗೆ ಮೂರೇ ಅವಕಾಶ. ಎರಡು ಕಳೆದುಕೊಂಡಿದ್ದೆ.

ಕಳೆದುಕೊಂಡದ್ದು ಹೇಗೆಂದು ನಿಮಗೆ ಬೇಗ ಅರ್ಥವಾಗುತ್ತದೆ. ಒಂದು ತೊಟ್ಟಿಯಲ್ಲಿ ಎಷ್ಟು ಕೊಡ ನೀರಿದೆ ಎಂದು ಪ್ರಶ್ನೆ. ಹೇಳಿಕೆ ಒಂದು, ತೊಟ್ಟಿ ಅರ್ಧ ತುಂಬಿದೆ. ಹೇಳಿಕೆ ಎರಡು, ಇನ್ನು ಇಪ್ಪತ್ತು ಕೊಡ ಸುರಿದರೆ ಮುಕ್ಕಾಲು ತುಂಬುತ್ತದೆ. ಎರಡೂ ಸೇರಿದರೆ ಸಾಕು ಎಂದು ಬರೆದು ಮುಂದೆ ಹೋಗಬೇಕು. ನಾನು ಹೋಗುವುದಿಲ್ಲ. ತೊಟ್ಟಿಗೆ ಎಂಬತ್ತು ಹಿಡಿಯುತ್ತದೆ, ಈಗ ನಲವತ್ತಿದೆ ಎಂದು ಲೆಕ್ಕ ಮುಗಿಸಿ, ಮತ್ತೆ ಸುರಿದು ನೋಡಿ, ಸರಿಯಾಯಿತೇ ಎಂದು ಇನ್ನೊಮ್ಮೆ ನೋಡುತ್ತೇನೆ. ಯಾರೂ ಕೇಳದ ನಲವತ್ತು ಕೊಡಕ್ಕೆ ಎರಡು ನಿಮಿಷ. ಐದನೇ ಉತ್ತರವನ್ನಂತೂ ನಾನು ಗುರುತು ಹಾಕಿದ್ದೇ ಇಲ್ಲ. ಸಾಲದು ಎನಿಸಿದರೂ, ನನ್ನ ಬುದ್ಧಿಯೇ ಓಡುತ್ತಿಲ್ಲವೇನೋ ಎಂದು ಹುಡುಕುತ್ತಾ ಕೂರುತ್ತೇನೆ. ಮೂವತ್ತು ಪ್ರಶ್ನೆಗಳಲ್ಲಿ ಮೊದಲ ಸಲ ಇಪ್ಪತ್ತೆರಡಕ್ಕೆ, ಎರಡನೇ ಸಲ ಇಪ್ಪತ್ತನಾಲ್ಕಕ್ಕೆ ಗಂಟೆ ಹೊಡೆಯಿತು. ಇಪ್ಪತ್ತೊಂದು ಸರಿಯಿರಬೇಕು. ಹದಿನೇಳು ಬಂತು, ಆಮೇಲೆ ಹದಿನೆಂಟು.

ಮಗ ಹುಟ್ಟಿದ ಮೇಲೆ ಇದು ಇನ್ನೂ ಜಾಸ್ತಿಯಾಗಿತ್ತು. ಅವನು ಮಲಗಿದರೆ ಯಾಕೆ ಇಷ್ಟು ಹೊತ್ತು ಮಲಗಿದ, ಎದ್ದರೆ ಯಾಕೆ ಎದ್ದ. ಉಸಿರು ಎಣಿಸುತ್ತಾ ನನ್ನ ನಿದ್ದೆ ಹೋಯಿತು. ಆ ಸ್ಥಿತಿಯಲ್ಲಿಯೇ ಆನ್‌ಲೈನ್ ಕೋರ್ಸಿಗೆ ಸೇರಿದೆ. ಪಾಠ ಕೇಳಲು ಮಧ್ಯಾಹ್ನ ಗೂಡಿನಲ್ಲಿ ಮಾತ್ರ ಬಿಡುವು, ಅಲ್ಲಿರುವುದು ಒಂದೇ ಗೋಡೆಪಟ, ಅಂದರೆ ಗೋಡೆಯಗಲದ ಪರದೆ. ಹಾಗಾಗಿ ಇಡೀ ಓಣಿ ನನ್ನ ಜೊತೆ ಪರೀಕ್ಷೆಗೆ ಓದಿತು. ಕಲ್ಲವ್ವ ಆಯಿ ಪ್ರತಿ ಪ್ರಶ್ನೆಗೂ “ಸಾಲಂಗಿಲ್ಲ ತಗಿ” ಎನ್ನುವವರು. ಐದರಲ್ಲೊಂದು ಸಲ ಅವರ ಮಾತು ಸರಿಯಾಗಿಬಿಡುತ್ತಿತ್ತು, ಆಗ ಬಹುಮಾನಕ್ಕೆ “ಎಲ್ಲೈತಿ ಬೆಲ್ಲ?” ಎಂದು ಕೈ ಚಾಚುತ್ತಿದ್ದರು.

ಕೋರ್ಸಿನವರು ಐದನೇ ಉತ್ತರ ಕಲಿಸಲು ನಿಮ್ಮ ಕಾಲದ ಒಂದು ಬ್ಯಾಚಿನ ಪಾಠಗಳನ್ನೇ ಹಾಗೆಯೇ ಇಟ್ಟಿದ್ದಾರೆ. ಮೂವತ್ತೆಂಟನೇ ಪಾಠದಲ್ಲಿ ಶ್ರೀಪಾದ ಸರ್ ಕೇಳುತ್ತಾರೆ, ಒಬ್ಬಾಕೆಯ ವಯಸ್ಸೆಷ್ಟು? ಆಕೆ ತಂಗಿಗಿಂತ ಮೂರು ವರ್ಷ ದೊಡ್ಡವಳು. ಹತ್ತು ವರ್ಷದ ಹಿಂದೆಯೂ ತಂಗಿಗಿಂತ ಮೂರು ವರ್ಷ ದೊಡ್ಡವಳಾಗಿದ್ದಳು. ಎಲ್ಲರೂ ನಗುತ್ತಾರೆ. ಆಗ ಪರದೆಯ ಮೂಲೆಯಲ್ಲಿ ನೀವು ಬರುತ್ತೀರಿ. ಕೆಳಗೆ ಶರ್ವಾಣಿ ಎಂದಷ್ಟೇ ಇದೆ. “ಸರ್, ಎರಡೂ ಸೇರಿಸಿದ್ರೂ ಸಾಲ್ದು ಅಂತ ಅನ್ಸುತ್ತೆ. ಆದ್ರೆ ಇನ್ನೇನೋ ಇದೆ, ನಂಗೇ ಹೊಳೀತಿಲ್ವೇನೋ ಅಂತ ಭಯ ಆಗುತ್ತೆ ಸರ್. ಸಾಲ್ದು ಅಂತ ಧೈರ್ಯವಾಗಿ ಹೇಳೋದು ಯಾವಾಗ—” ಅಷ್ಟರಲ್ಲಿ ನಿಮ್ಮ ಹಿಂದೆ ಎಲ್ಲೋ ಕೂಸು ಅಳುತ್ತದೆ. ಯಾರೋ ಹುಡುಗ “ಸರ್, ಪಾಪು ಐದನೇ ಆಪ್ಷನ್ ಅಂತಿದೆ” ಎನ್ನುತ್ತಾನೆ. ನೀವು “ಸಾರಿ ಸರ್, ಒಂದ್ನಿಮಿಷ” ಎಂದು ಮೈಕು ಬಂದ್ ಮಾಡುತ್ತೀರಿ. ಸರ್ ಸ್ವಲ್ಪ ಕಾಯುತ್ತಾರೆ. “ಶರ್ವಾಣಿ, ಇದ್ದೀರಾ?” ಎನ್ನುತ್ತಾರೆ. “ಸರಿ, ಮುಂದೆ ಹೋಗೋಣ.”

ಆ ಅಳು ನಾಲ್ಕು ಸೆಕೆಂಡು ಇದೆ. ಮೊದಲ ಸಲ ಅದು ಕೇಳಿದಾಗ ನನ್ನ ಮಗ ಆಡುತ್ತಿದ್ದುದನ್ನು ಬಿಟ್ಟು ಗೋಡೆಯ ಕಡೆ ತಿರುಗಿ “ಊಂ?” ಎಂದ. ಪ್ರತಿ ಸಲವೂ ಹಾಗೇ ಮಾಡುತ್ತಾನೆ. ಒಮ್ಮೆ ತಾನು ತಿನ್ನುತ್ತಿದ್ದ ರೊಟ್ಟಿಚೂರನ್ನು ಪರದೆಗೆ ಒತ್ತಿ ಹಿಡಿದಿದ್ದ.

ನಾನು ಆ ಪಾಠವನ್ನು ನೂರಕ್ಕೂ ಹೆಚ್ಚು ಸಲ ಕೇಳಿದ್ದೇನೆ. ನಿಮ್ಮ ಪ್ರಶ್ನೆ ನನ್ನದೂ ಆಗಿತ್ತು, ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ಹನ್ನೊಂದು ಪಾಠಗಳಲ್ಲಿ ನಿಮ್ಮ ಹೆಸರಿಲ್ಲ. ಕೂಸಿಗೆ ಹುಷಾರಿರಲಿಲ್ಲವೇ? ಬೇರೆ ಬ್ಯಾಚಿಗೆ ಹೋದಿರೇ? ಪರೀಕ್ಷೆ ಬರೆದಿರೇ? ಓದಬೇಕಾದ ಹೊತ್ತಿನಲ್ಲಿ ಹಳೆಯ ದಾಖಲೆಗಳನ್ನೆಲ್ಲ ಹುಡುಕಿದೆ. ಅತ್ತೆ, ಅವರ ಹೆಸರು ಶಾಂತವ್ವ, ಒಂದು ದಿನ ಬೈದರು: “ಸತ್ತು ನೂರು ವರ್ಷಾದಾಕೀಗೆ ನೀ ಯಾಕ ಇಷ್ಟ ಚಿಂತಿ ಮಾಡ್ತೀ? ಆಕೀ ಕೂಸು ಮುದುಕ ಆಗಿ ಹೋತು!”

ಇವತ್ತು ಬೆಳಿಗ್ಗೆ ನಾನು ಇಲ್ಲಿಗೆ ಬರುವವಳೇ ಆಗಿರಲಿಲ್ಲ. ಐದಕ್ಕೆ ಮಗನನ್ನು ಎತ್ತಿಕೊಂಡರೆ ಮೈ ಬೆಚ್ಚಗಿತ್ತು. ನೂರರ ಒಳಗೇ ಇತ್ತು, ಆದರೂ ಬೆಚ್ಚಗಿತ್ತು. ಹಲ್ಲು ಬರುತ್ತಿದೆಯೇ ಎಂದು ಒಸಡು ಮುಟ್ಟಿದೆ, ಕಿವಿ ನೋಡಿದೆ, ನಿನ್ನೆಯಿಂದ ತಿಂದದ್ದನ್ನೆಲ್ಲ ನೆನೆಸಿಕೊಂಡೆ, ಮತ್ತೆ ಜ್ವರ ಅಳೆದೆ. ಪರೀಕ್ಷಾ ಕೇಂದ್ರಕ್ಕೆ ಹೋಗುವ ಬಂಡಿ ಬರಲು ಹತ್ತು ನಿಮಿಷವಿತ್ತು. ನಾನು ಹೋಗುವುದಿಲ್ಲ ಎಂದೆ. ಅತ್ತೆ ಅವನನ್ನು ನನ್ನ ಕೈಯಿಂದ ತೆಗೆದುಕೊಂಡರು. “ಹಾಲು ಕುಡದಾನ. ಎರಡ್ಸಲ ಉಚ್ಚಿ ಹೊಯ್ದಾನ. ನನ್ನ ಮೂಗ ಹಿಡದು ಜಗ್ಗಾಕತ್ಯಾನ. ಇನ್ನೇನ ಬೇಕವಾ ನಿನಗ?” ಎಂದರು. “ಯಾಕ ಬೆಚ್ಚಗದಾನ ಅಂತ ಗೊತ್ತಾಗ್ಲಿಲ್ಲಲ್ಲ ಅತ್ತಿ” ಎಂದೆ. “ಅದು ನನಗೂ ಗೊತ್ತಿಲ್ಲ. ಈಗ ಯಾರಿಗೂ ಗೊತ್ತಾಗಂಗಿಲ್ಲ. ನಾ ಕುಂತು ನೋಡ್ತೇನಿ. ನೀ ಹೋಗೂದಕ್ಕ ಇಷ್ಟು ಸಾಕು, ನಡಿ.”

ಬಂಡಿಯಲ್ಲಿ ಕೂತ ಮೇಲೆ ಹೊಳೆಯಿತು. ಅತ್ತೆ ಒಂದೇ ಉಸಿರಿಗೆ ಎರಡು ಪ್ರಶ್ನೆಗೆ ಉತ್ತರ ಹೇಳಿದ್ದರು. ಯಾಕೆ ಬೆಚ್ಚಗಿದ್ದಾನೆ ಎಂಬುದಕ್ಕೆ ಐದನೆಯದು. ನಾನು ಹೋಗಬಹುದೇ ಎಂಬುದಕ್ಕೆ ಸಾಕು. ನಾನು ಇಷ್ಟು ದಿನ ಎರಡನ್ನೂ ಒಂದೇ ಪ್ರಶ್ನೆ ಎಂದುಕೊಂಡಿದ್ದೆ. ಗೊತ್ತಿಲ್ಲ ಎನ್ನುವಾಗ ಅತ್ತೆಯ ಮುಖದಲ್ಲಿ ಸೋತ ಹಾಗೇನೂ ಇರಲಿಲ್ಲ.

ಪರೀಕ್ಷೆಯಲ್ಲಿ ಇವತ್ತು ಯಾವ ತೊಟ್ಟಿಯ ನೀರನ್ನೂ ಅಳೆಯಲಿಲ್ಲ. ಕೈ ಲೆಕ್ಕಕ್ಕೆ ಹೋದಾಗಲೆಲ್ಲ ಹಿಂದಕ್ಕೆ ತೆಗೆದೆ. ಎಲ್ಲ ಸಲವೂ ಆಗಲಿಲ್ಲ. ಹತ್ತೊಂಬತ್ತನೆಯದರಲ್ಲಿ ಒಂದೂವರೆ ನಿಮಿಷ ಹೋಯಿತು. ಆದರೆ ಮೊದಲ ಬಾರಿಗೆ ಮೂವತ್ತೂ ಮುಗಿಸಿದೆ. ಐದನೇ ಉತ್ತರವನ್ನು ನಾಲ್ಕು ಕಡೆ ಹಾಕಿದ್ದೇನೆ. ಇಪ್ಪತ್ತಾರನೆಯದು ಈಗಲೂ ತಲೆಯಲ್ಲಿ ತಿರುಗುತ್ತಿದೆ. ತಿರುಗಲಿ.

ಸಮಯ ಎಂಟೂ ಐವತ್ತು. ಗಾಜಿನ ಬಾಗಿಲಾಚೆ ನೆರಳಿನ ಕೆಳಗೆ ಅತ್ತೆ ಬಂದು ನಿಂತಿದ್ದಾರೆ, ಹಾಲೂಡಿಸುವ ಹೊತ್ತಾಯಿತೆಂದು ಮಗನನ್ನು ಕರೆತಂದಿದ್ದಾರೆ. ಮೈ ಬೆಚ್ಚಗಿದೆಯೋ ಇಲ್ಲವೋ ಇಲ್ಲಿಂದ ತಿಳಿಯದು. ಅವರ ಮೂಗನ್ನಂತೂ ಬಿಟ್ಟಿಲ್ಲ. ಗುರಶಾಂತಪ್ಪ ಕಾಕಾ ಗೂಡಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿರಬೇಕು. ಇಪ್ಪತ್ತೊಂದು ಸರಿಯಿದ್ದರೆ ನಮ್ಮ ಗೂಡು ಉಳಿಯುತ್ತದೆ. ಇಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ನಡೆಯುವುದು ಹೇಗೆಂದು ಓಣಿಯವರೆಲ್ಲ ಕೂತು ಯೋಚಿಸಬೇಕು. ಓಲೆ ಹಾಕಿದ ಮೇಲೆ ತಿಳಿಯುತ್ತದೆ.

ಇನ್ನು ನಿಮ್ಮ ವಿಷಯ. ಹೇಳಿಕೆ ಒಂದು, ನಿಮ್ಮ ಪ್ರಶ್ನೆ ಅರ್ಧಕ್ಕೆ ನಿಂತಿತು. ಹೇಳಿಕೆ ಎರಡು, ಆಮೇಲಿನ ಪಾಠಗಳಲ್ಲಿ ನಿಮ್ಮ ಹೆಸರಿಲ್ಲ. ನೀವು ಪರೀಕ್ಷೆ ಬರೆದಿರೇ? ಎರಡೂ ಸೇರಿದರೂ ಸಾಲದು. ಇದನ್ನು ಬರೆಯಲು ನನಗೆ ಎಂಟು ತಿಂಗಳು ಬೇಕಾಯಿತು. ಇನ್ನು ನಾನು ನಿಮ್ಮನ್ನು ಹುಡುಕುವುದಿಲ್ಲ.

ಒಂದು ಕೋರಿಕೆ ಮಾತ್ರ. ಈ ಓಲೆ ಹೇಗಾದರೂ ನಿಮ್ಮ ಕೈ ಸೇರಿದರೆ, ಮುಂದಿನ ಪಾಠಕ್ಕೆ ಬಂದು ಕೂರಿ. ಪ್ರಶ್ನೆಯನ್ನು ಪೂರ್ತಿ ಕೇಳಿ. ಹುಡುಗರು ನಗಲಿ. ಪಾಪು ಅತ್ತರೆ ಅಳಲಿ, ಮೈಕು ಬಂದ್ ಮಾಡಬೇಡಿ. ಇಲ್ಲಿ ಒಬ್ಬ ಪ್ರತಿ ಸಲವೂ ಅದಕ್ಕೆ ಓಗೊಡುತ್ತಿದ್ದಾನೆ.

ನಿಮ್ಮ
ನೀಲಗಂಗಾ