ಒಡ್ಡಿನ ಮೇಲಿನ ಮನೆಗೂ ಒಂದು ಕಾಯಿ

ಖಾಡಿ ದಂಡೆಯ ಸುಂದರೀಕರಣದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಶಿಂಪಲೇವಾಡಿಯ ಒಡ್ಡಿನ ಮೇಲಿರುವ ನನ್ನ ಮನೆಯನ್ನು ವಾಕಿಂಗ್ ಟ್ರ್ಯಾಕಿಗಾಗಿ ಈ ಶುಕ್ರವಾರ ಕೆಡವುತ್ತೀರಂತೆ. ‘ಮೂಲನಿವಾಸಿಗಳ ಪಾರಂಪರಿಕ ಊರಿನ ಅಂದ ಕಾಪಾಡಲು’ ಎನ್ನುತ್ತದೆ ನೋಟಿಸು. ಅದು ಮರಾಠಿಯಲ್ಲಿತ್ತು. ತಾವು ಮೈಸೂರು ಕಡೆಯವರೆಂದು ಕೇಳಿದೆ; ನಾನು ವಿಜಯಪುರದವಳು. ಜಗಳ ಕನ್ನಡದಲ್ಲೇ ಆಗಲಿ ಬಿಡ್ರಿ.

ಪಾರಂಪರಿಕ ಊರು! ಅದರ ಚರಿತ್ರೆ ತಮಗೆ ಯಾರು ಹೇಳಿದರು? ಬಂಗಲೆಗಳ ಗಾಜಿನ ಬಾಲ್ಕನಿಗಳೋ? ಹಿಂದೆ ಇಲ್ಲಿ, ಸಮುದ್ರದ ನೀರು ಒಳನುಗ್ಗುವ ಈ ಖಾಡಿಯ ಪಕ್ಕ, ಉಪ್ಪಿನ ಗದ್ದೆ, ಮೀನಿನ ದೋಣಿ, ನಡುವೆ ಬೆರಳೆಣಿಕೆಯ ಮನೆಗಳು. ನವಿ ಮುಂಬಯಿ ಬೆಳೆದು ನೆಲಕ್ಕೆ ಬಂಗಾರದ ಬೆಲೆ ಬಂತು. ಹೆಂಚು ಹೋಗಿ ಮಾರ್ಬಲ್ ಬಂತು. ಒಂದು ರೂಢಿ ಮಾತ್ರ ಉಳಿಯಿತು. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಮಣ್ಣಿನ ಒಡ್ಡು ಬಾಯಿಬಿಟ್ಟರೆ ಕೂಗು ಹಾಕುತ್ತಾರೆ. ಮನೆಗೊಬ್ಬರು ಮಣ್ಣಿನ ಬುಟ್ಟಿ ಹೊತ್ತು ಓಡಬೇಕು. ಬಂದ ಮನೆಗೆ ನಾರಳಿ ಪೂರ್ಣಿಮೆಯಂದು ಸಮುದ್ರಪೂಜೆಯ ತೆಂಗಿನಕಾಯಿ ಒಂದು. ಬಾರದ ಮನೆ ಊರಿನ ಲೆಕ್ಕಕ್ಕಿಲ್ಲ.

ನಮ್ಮ ಮನೆಯವರು ಚಂದ್ರಾಮ, ಆ ಬಂಗಲೆಗಳನ್ನು ಕಟ್ಟಲು ಬಂದ ಗೌಂಡಿ. ಮೊದಲ ಮಳೆಗಾಲದಲ್ಲೇ ಕೂಗು ಕೇಳಿ, ರೂಢಿ ಗೀಢಿ ಒಂದೂ ಗೊತ್ತಿಲ್ಲದೆ, ಕೆಲಸದ ಬುಟ್ಟಿ ಹೊತ್ತು ಓಡಿದರು. ಆ ಹುಣ್ಣಿಮೆಗೆ ಊರಿನ ಹಿರಿಯಳು ಹೌಸಾ ಆಜಿ ಕಾಯಿ ಹಿಡಿದು ನಮ್ಮ ತಾಡಪತ್ರಿ ಗುಡಿಸಲಿಗೆ ಬಂದಳು. “ಘೇ ಗ ಪೋರಿ, ಆತಾ ತೂ ಆಮ್ಚ್ಯಾ ಗಾವಾಚಿ” ಅಂದಳು. ತಗೋ ಮಗಳೇ, ಇನ್ನು ನೀನು ನಮ್ಮೂರವಳು. ಅಳು ಬಂತ್ರಿ ನನಗೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಬುಟ್ಟಿ ಹೊರುವವಳು ನಾನೇ.

ಇದನ್ನೆಲ್ಲ ಕಚೇರಿಯಲ್ಲಿ ಹೇಳಿದಾಗ ತಾವು ನಕ್ಕಿರಿ. “ತೆಂಗಿನಕಾಯಿ ದಾಖಲೆ ಆಗೋಲ್ಲಮ್ಮ” ಅಂದಿರಿ. ಸರಿ ಸ್ವಾಮಿ. ಹೋದ ಶ್ರಾವಣದಲ್ಲಿ ಒಡ್ಡು ಒಡೆದಾಗ, ಬೇರೆ ಶಹರದ ಘೋಡಬಂದರ್ ರಸ್ತೆಯಿಂದ ಬಂದು ಬಂಗಲೆ ಕೊಂಡ ಸಾಹೇಬರು ಗೇಟಿಗೆ ಬೀಗ ಜಡಿದು ಬಾಲ್ಕನಿಯಿಂದ ವಿಡಿಯೋ ಮಾಡುತ್ತಿದ್ದರು. ಈಗ ಟ್ರ್ಯಾಕ್ ಕೇಳಿದವರೂ ಅವರೇ, ತಮ್ಮ ಕಣ್ಣಿಗೆ ಮೂಲನಿವಾಸಿಗಳೂ ಅವರೇ! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕಿತು ಅನ್ನುತ್ತಾರಲ್ಲ, ಇದೇ ನೋಡ್ರಿ ಅದು. ನನಗೆ ಸಿಟ್ಟು ಬಂದಿದೆ, ಹೆದರಿಕೆಯೂ ಆಗಿದೆ. ಈ ವಯಸ್ಸಿನಲ್ಲಿ ಇನ್ನೊಂದು ಊರು ಎಲ್ಲಿಂದ ತರಲಿ?

ನನ್ನ ಬೇಡಿಕೆ ಇಷ್ಟೇ. ಶುಕ್ರವಾರದ ಬುಲ್ಡೋಜರ್ ನಿಲ್ಲಿಸಿ. ಶನಿವಾರ ಅಮಾವಾಸ್ಯೆ, ತಾವೇ ಒಡ್ಡಿನ ಮೇಲೆ ನಿಂತು ಕೂಗು ಹಾಕಿ. ಬುಟ್ಟಿ ಹೊತ್ತು ಯಾರು ಬರುತ್ತಾರೋ ಅವರನ್ನು ಮೂಲನಿವಾಸಿಗಳೆಂದು ಬರೆದುಕೊಳ್ಳಿ. ಇಲ್ಲ, ಕೆಡವಿಯೇ ತೀರುತ್ತೇವೆ ಅಂದರೆ ಬಾಗಿಲ ಪಕ್ಕದ ಬುಟ್ಟಿಯನ್ನು ಮಾತ್ರ ಮುಟ್ಟಬೇಡಿ. ಶನಿವಾರ ಕೂಗು ಬಂದರೆ ನಾನು ಓಡಬೇಕು.

ಇಂತಿ,
ಊರಿನ ಲೆಕ್ಕದಲ್ಲಿದ್ದು ತಮ್ಮ ಲೆಕ್ಕದಲ್ಲಿಲ್ಲದ
ದ್ರೌಪದಿ