ಶಿಲುಬೆ ಹೊರಗೆ, ನಕ್ಷತ್ರ ಒಳಗೆ

ಬೆಳ್ಳಿಗಾರರ ಬೀದಿ,
ಟ್ರಿಪೋಲಿ, ಲೆಬನಾನ್
೩ ಸೆಪ್ಟೆಂಬರ್ ೧೯೬೮

ಪ್ರೀತಿಯ ಮಗ ಮುನೀಫ್,

ಹೇಗಿದ್ದೀಯಪ್ಪಾ? ಬ್ರೆಜಿಲಿನ ಚಳಿ ಕಳೆಯಿತೇ, ಕೆಮ್ಮು ನಿಂತಿತೇ? ಆಲಿವ್ ಎಣ್ಣೆ ಬಿಸಿ ಮಾಡಿ ಎದೆಗೆ ತಿಕ್ಕಿಕೋ, ಅಲ್ಲಿನ ಡಾಕ್ಟರರ ಮಾತ್ರೆಯನ್ನೇ ನಂಬಿ ಕೂರಬೇಡ. ನನ್ನ ಮಂಡಿ ಸೋತಿದೆ, ಬಾಯಿ ಸೋತಿಲ್ಲ. ಅದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ನಿನ್ನ ಕಾಗದ ಬಂತು. ತಂಗಿ ಲಮೀಸಳ ಮದುವೆಯ ಹಣೆಪಟ್ಟಿಯಿಂದ ಶಿಲುಬೆಯ ನಾಣ್ಯಗಳನ್ನು ಕಿತ್ತುಬಿಡು, ಬೀಗಿತ್ತಿಯನ್ನು ಎದುರು ಹಾಕಿಕೊಳ್ಳಬೇಡ, ಸಂಬಂಧ ಮುರಿದೀತು ಎಂದು ಬರೆದಿದ್ದೀಯ. ಅಂದರೆ ಆ ಬೀಗಿತ್ತಿ ಉಮ್ ರಶೀದ್ ನನ್ನ ಹತ್ತಿರ ಕೂಗಾಡಿದ್ದು ಸಾಲದೆ ಸಮುದ್ರದಾಚೆಗೂ ದೂರು ಮುಟ್ಟಿಸಿದ್ದಾಳೆ. "ಮುಸಲ್ಮಾನರ ಮನೆ ಸೊಸೆ ಫ್ರಾಂಕರ ಶಿಲುಬೆ ಹಣೆ ಮೇಲಿಟ್ಕೊಂಡು ಹೊಸ್ತಿಲು ದಾಟೋದಾ? ಜನ ಉಗೀತಾರೆ!" ಎಂದಳು. ಉಗಿಯಲಿ. ನಾನು ಒಂದನ್ನೂ ಕೀಳುವುದಿಲ್ಲ.

ರೈತರಿಗೆ ಆಲಿವ್ ಗಿಡಕ್ಕೆ ಗುಂಡಿ ತೋಡುವಾಗ ಸಿಕ್ಕಿದ ಬೆಳ್ಳಿ, ಮುದುಕಿಯರ ಮುರಿದ ಬಳೆ, ಎಲ್ಲವೂ ನಿಮ್ಮಪ್ಪನ ಅಂಗಡಿಗೆ ಬಂದು ಮೂಸೆ ಸೇರುತ್ತಿದ್ದದ್ದು ನಿನಗೆ ನೆನಪಿರಬೇಕು. ಅದು ಕರಗುವ ಮೊದಲು ನಾನು ಕೈಯಾಡಿಸಿ ಫ್ರಾಂಕರ ನಾಣ್ಯ ಹೆಕ್ಕುತ್ತಿದ್ದೆ. ನೂರಾರು ವರ್ಷದ ಹಿಂದೆ ಯುರೋಪಿನಿಂದ ಧರ್ಮದ ಹೆಸರಲ್ಲಿ ದಂಡೆತ್ತಿ ಬಂದು ಈ ಊರನ್ನಾಳಿದ ದೊರೆಗಳ ಬೆಳ್ಳಿ. ಒಂದು ಮುಖಕ್ಕೆ ಶಿಲುಬೆ, ಇನ್ನೊಂದಕ್ಕೆ ಎಂಟು ಮೂಲೆಯ ನಕ್ಷತ್ರ, ಸುತ್ತ ಅವರ ಲಿಪಿಯಲ್ಲಿ ನಮ್ಮೂರ ಹೆಸರು. "ಸತ್ತೋರ ಚಿಲ್ಲರೆ ಯಾಕೆ ಕೂಡಿಡ್ತೀಯೇ?" ಎಂದು ನಿಮ್ಮಪ್ಪ ರೇಗಿಸುತ್ತಿದ್ದರು. ಆದರೂ ಮೂಸೆ ಇಡುವ ಮೊದಲು ಒಂದು ದಿನವೂ ನನ್ನನ್ನು ಕರೆಯದೆ ಇರಲಿಲ್ಲ. ಕೆಡದ ನಾಣ್ಯ ತಗಡಿನ ಡಬ್ಬಿಗೆ ಹೋಗುತ್ತಿತ್ತು, ತೂತು ಬಿದ್ದು ಬಂದದ್ದು ಮಾತ್ರ ಹಣೆಪಟ್ಟಿಗೆ. ನಾನಾಗಿ ಒಂದಕ್ಕೂ ಮೊಳೆ ಮುಟ್ಟಿಸಿದವಳಲ್ಲ. ಯಾರೋ ಹೆಣ್ಣುಮಗಳು ನನಗಿಂತ ಎಷ್ಟೋ ಮೊದಲೇ ದೊರೆಯ ನಾಣ್ಯಕ್ಕೆ ಮೊಳೆ ಬಡಿದು, ಕೂದಲಿಗೆ ಕಟ್ಟಿಕೊಂಡು ಕುಣಿದಿದ್ದಾಳೆ. ಅವಳು ನನಗೆ ಬಹಳ ಇಷ್ಟ.

ನಕ್ಷತ್ರ ಹೊರಗೆ ಮಾಡಿಯಾದರೂ ಹೊಲಿ ಎನ್ನುತ್ತೀಯ. ಹೆದರುಪುಕ್ಕಲ ಗಿರಾಕಿಗಳಿಗೆ ನಾನೇ ಹಾಗೆ ಹೊಲಿದುಕೊಟ್ಟಿದ್ದೇನೆ. ನನ್ನ ಮಗಳಿಗೆ ಹೊಲಿಯುವುದಿಲ್ಲ. ಕತ್ತಿ ಹಿಡಿದು ಬಂದವರು ಹೋದರು, ನಾವು ಇಲ್ಲೇ ಇದ್ದೇವೆ. ಸೋತು ಹೋದವರ ಶಿಲುಬೆಗೆ ಇದ್ದವರು ಹೆದರುವುದೇ? ನೆರೆಮನೆಯ ಕ್ರೈಸ್ತ ಹುಡುಗಿಯರೂ ಇದೇ ಪಟ್ಟಿ ಎರವಲು ಪಡೆದು ಮದುವೆಯಾದರು. ಅವರ್ಯಾರೂ ನಕ್ಷತ್ರ ಕಂಡು ಬೆಚ್ಚಲಿಲ್ಲ.

ಭಯ ನನಗೂ ಇದೆ ಮಗಾ. ಲಮೀಸ್ ರಶೀದನನ್ನು ಜೀವದಷ್ಟು ಹಚ್ಚಿಕೊಂಡಿದ್ದಾಳೆ. ಅತ್ತು ಅತ್ತು ಕಣ್ಣು ಊದಿದೆ, ಆದರೂ "ಅಮ್ಮಾ, ಪಟ್ಟಿ ಬಿಚ್ಚಬೇಡ" ಎನ್ನುತ್ತಾಳೆ. ಈ ಮದುವೆ ಮುರಿದರೆ ಪಾಪ ನನ್ನ ತಲೆಗೇ ಬರುತ್ತದೆ. ಬರಲಿ, ಹೊರುತ್ತೇನೆ.

ದೇವರು ನಿನ್ನ ಕೈ ಹಿಡಿದು ನಡೆಸಲಿ. ಸೊಸೆಗೂ ಮಕ್ಕಳಿಗೂ ನನ್ನ ಮುತ್ತು.

ನಿನ್ನ ಹಠಮಾರಿ ತಾಯಿ,
ಬಹೀಜಾ

ತಾ.ಕ.: ಒಂದು ವಿಷಯ ಬೇಕೆಂದೇ ಮುಚ್ಚಿಟ್ಟಿದ್ದೆ. ಮಗನ ಮದುವೆಗೆ ಹಾಕಿಕೊಳ್ಳಲೆಂದು ಉಮ್ ರಶೀದ್ ತನ್ನ ಹಳೆಯ ಬೆಳ್ಳಿಸರವನ್ನು ಬೆಳಗಿಕೊಡಲು ಕಳಿಸಿದ್ದಳು. ಅವಳ ತಾಯಿ ಹೇಳಿ ಮಾಡಿಸಿದ್ದು, ಮೂವತ್ತು ವರ್ಷದ ಹಿಂದೆ ನಾನೇ ಕಟ್ಟಿಕೊಟ್ಟದ್ದು. ಅದರಲ್ಲಿ ಫ್ರಾಂಕರ ಏಳು ನಾಣ್ಯಗಳಿವೆ, ನಕ್ಷತ್ರ ಹೊರಗೆ, ಶಿಲುಬೆ ಅವಳ ಎದೆಗೆ ಒತ್ತಿಕೊಂಡು! ಅವಳಿಗೆ ಗೊತ್ತೇ ಇರಲಿಲ್ಲ. ಮೊನ್ನೆ ಒಂದನ್ನು ಮಾತ್ರ ತಿರುಗಿಸಿ ಹೊಲಿದು ವಾಪಸ್ ಕಳಿಸಿದೆ. ಈಗ ಲಕೋಟೆ ಅಂಟಿಸುವಷ್ಟರಲ್ಲಿ ಅವಳೇ ಬಂದಳು. ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ. ಸರವನ್ನು ನನ್ನ ಮಡಿಲಿಗೆ ಹಾಕಿ, "ಬಾಕಿ ಆರನ್ನೂ ತಿರುಗಿಸ್ಬಿಡಿ. ಸೊಸೆ ಪಕ್ಕ ನಿಂತಾಗ ನಾನೇ ಪುಕ್ಕಲಿ ಥರ ಕಾಣ್ಬಾರ್ದು" ಎಂದು ಹೊರಟೇ ಹೋದಳು. ಮದುವೆ ಅಕ್ಟೋಬರ್ ನಾಲ್ಕಕ್ಕೇ. ಸೂಜಿಗೆ ದಾರ ಪೋಣಿಸಬೇಕು, ಬರೆಯಲು ಪುರುಸೊತ್ತಿಲ್ಲ.